ಅತ್ತೆಯ ಮನೆ, ಅಮೆರಿಕದ ಸೀಟು

ಕೋಲಾರದಲ್ಲಿ ನಾನು ಆಪ್ತಸಲಹೆಗೆ ಕೂತ ಹೊಸದರಲ್ಲಿ ಬರುತ್ತಿದ್ದ ಕಷ್ಟಗಳೇ ಬೇರೆ. ಗಂಡನ ಕುಡಿತ, ಅಣ್ಣತಮ್ಮಂದಿರ ಪಾಲಿನ ಜಗಳ, ಪಿಯುಸಿ ಫೇಲಾದ ಮಕ್ಕಳು. ಈಗ ನಾಲ್ಕೈದು ವರ್ಷದಿಂದ ಹೊಸದೊಂದು ಸೇರಿಕೊಂಡಿದೆ. ಮಾರ್ಚ್ ಬಂತೆಂದರೆ ಶುರು, ಜೂನ್‌ವರೆಗೂ ನಿಲ್ಲುವುದಿಲ್ಲ. ಒಬ್ಬ ಹುಡುಗನೋ ಹುಡುಗಿಯೋ, ಕೈಯಲ್ಲಿ ವಿದೇಶದ ಯೂನಿವರ್ಸಿಟಿಯ ಪತ್ರ, ಹಿಂದೆ ಅಪ್ಪ ಅಮ್ಮ. "ಹೋಗ್ಬೇಕಾ, ಇಲ್ಲೇ ಓದ್ಬೇಕಾ, ನೀವೇ ಹೇಳಿ ಮೇಡಂ."

ಈ ಪ್ರಶ್ನೆಗೆ ನಾನು ನೇರ ಉತ್ತರ ಕೊಡುವುದಿಲ್ಲ. ಹೀಗೇ ಮಾಡು ಅಂತ ಹೇಳಬಾರದು ಅನ್ನುವುದು ನಮ್ಮ ಕೆಲಸದಲ್ಲಿ ಕಲಿಯುವ ಮೊದಲ ಪಾಠ. ಬಂದವರು ತಾವೇ ಒಂದು ತೀರ್ಮಾನಕ್ಕೆ ಬರುವವರೆಗೆ ಜೊತೆಗಿರಬೇಕು, ಅಷ್ಟೇ. ಆದರೆ 2025ರ ಏಪ್ರಿಲ್‌ನಲ್ಲಿ ಒಂದು ಮನೆಯವರಿಗೆ ನಾನು ನೇರವಾಗಿಯೇ ಹೇಳಿಬಿಟ್ಟೆ. ಹೇಳಿದ ಮಾತು ಸರಿ ಅಂತ ಇವತ್ತಿಗೂ ಅನ್ನಿಸುತ್ತದೆ. ಹೇಳಿದ ರೀತಿಯಲ್ಲಿ ಒಂದು ತಪ್ಪಿತ್ತು. ಎರಡನ್ನೂ ಬರೆಯುತ್ತಿದ್ದೇನೆ.

ಹುಡುಗ, ಅವನ ಅಪ್ಪ, ಅವನ ಅತ್ತೆ ಮೂವರ ಒಪ್ಪಿಗೆಯೂ ಇದೆ. ಗುರುತು ಹತ್ತದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಹೆಸರು ಬೇಡ, ಹುಡುಗ ಅಂತಲೇ ಕರೆಯುತ್ತೇನೆ.

ಅವನಿಗೆ 22 ವರ್ಷ. ಎಲೆಕ್ಟ್ರಾನಿಕ್ಸ್ ಬಿ.ಇ., ಕೊನೆಯ ಸೆಮಿಸ್ಟರ್. ಕೋಲಾರ ತಾಲ್ಲೂಕಿನ ಒಂದು ಹಳ್ಳಿ. ನಾಲ್ಕು ಎಕರೆ ಜಮೀನು, 1,300 ಅಡಿ ಬೋರ್‌ವೆಲ್, ಎರಡು ಸೀಮೆಹಸು. ಮನೆಯೊಳಗೆ ತೆಲುಗು, ಹೊರಗೆ ಕನ್ನಡ, ನಮ್ಮ ಕಡೆಯ ಬಹಳ ಮನೆಗಳ ಹಾಗೆ. ಅಮೆರಿಕದ ಯೋಚನೆ ಆ ಮನೆಗೆ ಬಂದದ್ದು 2023ರ ಜುಲೈಯಲ್ಲಿ. ಆ ತಿಂಗಳು ಕೋಲಾರದ ಎಪಿಎಂಸಿಯಲ್ಲಿ 15 ಕೆಜಿಯ ಒಂದು ಬಾಕ್ಸ್ ಟೊಮೆಟೊ 2,000 ರೂಪಾಯಿ ದಾಟಿತ್ತು. ಎಲೆ ಮುದುರು ರೋಗಕ್ಕೆ ಸುತ್ತಮುತ್ತಲ ತೋಟಗಳೆಲ್ಲ ಹಾಳಾಗಿದ್ದವು, ಇವರದು ಉಳಿದಿತ್ತು. ಇಪ್ಪತ್ತು ವರ್ಷದ ಸಾಲ ಒಂದೇ ಬೆಳೆಗೆ ತೀರಿತು. ಸಾಲ ತೀರಿಸಿ, ಹೊಸ ಬೋರ್ ಕೊರೆಸಿ, ಮಗಳ ಮದುವೆ ಮಾಡಿದ ಮೇಲೂ 12 ಲಕ್ಷ ಉಳಿಯಿತು. "ಈ ದುಡ್ಡು ಮುಟ್ಟಬಾರದು, ಮಗನ ಓದಿಗೆ" ಅಂತ ಅಪ್ಪ ಅವತ್ತೇ ಹೇಳಿದ್ದರಂತೆ.

ಹುಡುಗ ನನ್ನ ಹತ್ತಿರ ಬಂದದ್ದು ವಿದೇಶದ ವಿಷಯಕ್ಕಲ್ಲ, ಹೊಟ್ಟೆನೋವಿಗೆ. ಎರಡು ತಿಂಗಳಿಂದ ಊಟ ಸೇರುತ್ತಿರಲಿಲ್ಲ. ಬೆಳಗಿನ ಜಾವ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಗ್ಯಾಸ್ಟ್ರಿಕ್ ಅಂತ ಮಾತ್ರೆ ತಿಂದಾಯಿತು. ಅಮ್ಮ ದೃಷ್ಟಿ ತೆಗೆದರು. ಸ್ಕ್ಯಾನಿಂಗ್‌ನಲ್ಲಿ ಏನೂ ಸಿಗಲಿಲ್ಲ. ಕೊನೆಗೆ ಡಾಕ್ಟರೇ ನನ್ನ ಹತ್ತಿರ ಕಳಿಸಿದರು.

ಮೊದಲ ಎರಡು ಸಲ ಅವನೊಬ್ಬನೇ ಕೂತ. ಅಮೆರಿಕದ ಒಂದು ಯೂನಿವರ್ಸಿಟಿಯಲ್ಲಿ ಎಂ.ಎಸ್. ಸೀಟು ಸಿಕ್ಕಿತ್ತು, ಆಗಸ್ಟ್‌ಗೆ ಹೊರಡಬೇಕಿತ್ತು. ಇತ್ತ ಇಲ್ಲಿನ ಎಂ.ಟೆಕ್. ಸೇರಲು ಬರೆಯುವ ಗೇಟ್ ಪರೀಕ್ಷೆಯಲ್ಲೂ ಒಳ್ಳೆ ಅಂಕ ಬಂದಿತ್ತು. ಯಾವುದಾದರೊಂದು ಎನ್‌ಐಟಿಯಲ್ಲಿ, ಅಂದರೆ ಕೇಂದ್ರ ಸರ್ಕಾರದ ಎಂಜಿನಿಯರಿಂಗ್ ಕಾಲೇಜಿನಲ್ಲಿ, ಎಂ.ಟೆಕ್. ಸಿಗುವುದು ಹೆಚ್ಚು ಕಡಿಮೆ ಖಚಿತ. ಹೋಗೋಕೆ ಆಸೆ ಇದೆಯಾ ಅಂತ ಕೇಳಿದೆ. ಕಣ್ಣು ಅರಳಿತು. ಚಿಪ್ ಡಿಸೈನ್ ಬಗ್ಗೆ, ಅಲ್ಲಿನ ಲ್ಯಾಬ್ ಬಗ್ಗೆ ಹತ್ತು ನಿಮಿಷ ಮಾತಾಡಿದ. ಹಾಗಾದರೆ ಭಯ ಯಾವುದಕ್ಕೆ? "ಗೊತ್ತಿಲ್ಲ ಮೇಡಂ" ಅಂದ. ಚಳಿಗಾ, ಇಂಗ್ಲಿಷಿಗಾ, ಒಂಟಿತನಕ್ಕಾ? ಯಾವುದಕ್ಕೂ ಅಲ್ಲ ಅಂದ. ಎರಡನೇ ಸಲವೂ ಅಲ್ಲಿಗೇ ನಿಂತಿತು. ಹೊರಡುವಾಗ ಬಾಗಿಲ ಹತ್ತಿರ ನಿಂತು, "ಸಾಲಕ್ಕೆ ನಮ್ಮತ್ತೆ ಮನೆ ಇಡ್ತಿದ್ದಾರೆ" ಅಂದ. ಬೇರೇನೋ ವಿಷಯದ ಹಾಗೆ ಸುಮ್ನೆ ಹೇಳಿ ಹೋದ.

ಮುಂದಿನ ಸಲ ಅಪ್ಪನನ್ನೂ ಕರೆದುಕೊಂಡು ಬಾ ಅಂದೆ.

ಅಪ್ಪ ಬಂದರು. ಚಪ್ಪಲಿ ಹೊರಗೆ ಬಿಟ್ಟು, ಹೆಗಲ ಮೇಲಿನ ಟವೆಲ್ ತೆಗೆದು ಮಡಿಲಲ್ಲಿಟ್ಟುಕೊಂಡು ಕೂತರು. ಕೈಯಲ್ಲೊಂದು ದಪ್ಪ ಫೈಲು. ವಿದೇಶದ ಸೀಟು ಕೊಡಿಸುವ ಕನ್ಸಲ್ಟೆನ್ಸಿಯವರು ಕೊಟ್ಟದ್ದು. ಎರಡು ವರ್ಷದ ಫೀಸು, ಬಾಡಿಗೆ, ಊಟ, ಇನ್ಶೂರೆನ್ಸ್, ವಿಮಾನ ಎಲ್ಲ ಸೇರಿ 52 ಲಕ್ಷ ಅಂತ ಅದರಲ್ಲಿತ್ತು. 12 ಕೈಯಲ್ಲಿದೆ. 40 ಲಕ್ಷ ಸಾಲ. ಏಳೂವರೆ ಲಕ್ಷದ ಮೇಲಿನ ಓದಿನ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿ ಅಡ ಕೇಳುತ್ತವೆ. ಇವರಿಗೆ ನಾಲ್ಕು ಎಕರೆ ಇದೆ, ಆದರೆ ಅದು ವ್ಯವಸಾಯದ ಜಮೀನು. ಸಾಲ ತೀರದಿದ್ದಾಗ ಕೋರ್ಟಿಗೆ ಹೋಗದೆ ಆಸ್ತಿ ವಶ ಮಾಡಿಕೊಳ್ಳಲು ಬ್ಯಾಂಕುಗಳಿಗೆ ದಾರಿ ಕೊಡುವ 2002ರ ಸರ್ಫೇಸಿ ಕಾಯ್ದೆ ವ್ಯವಸಾಯದ ಜಮೀನಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಬ್ಯಾಂಕಿನವರು ಹೊಲದ ಪಹಣಿ ನೋಡಿ ಪಕ್ಕಕ್ಕಿಡುತ್ತಾರೆ. ನಮ್ಮ ಜಿಲ್ಲೆಯಲ್ಲಿ ಇದು ಎಷ್ಟು ಮನೆಗಳಿಗೆ ಆಗಿದೆಯೋ. ಕೊನೆಗೆ ಕೋಲಾರ ಟೌನಿನಲ್ಲಿದ್ದ ಅತ್ತೆ, ಅಂದರೆ ಅಪ್ಪನ ಅಕ್ಕ, ತಮ್ಮದೇ ಮನೆ ಅಡ ಇಡಲು ಒಪ್ಪಿದ್ದರು. ಗಂಡ ತೀರಿಕೊಂಡಿದ್ದಾರೆ, ಮಕ್ಕಳಿಲ್ಲ. ಮುಂದಿನ ಎರಡು ಅಂಗಡಿಗಳ ಬಾಡಿಗೆಯಲ್ಲಿ ಅವರ ಜೀವನ.

"ಮೇಡಂ, ಅವನಿಗೆ ಸ್ವಲ್ಪ ಭಯ ಅಷ್ಟೆ. ಧೈರ್ಯ ಹೇಳಿ ಕಳಿಸಿ" ಅಂದರು ಅಪ್ಪ. "ನಮ್ಮ ಗೌರಿಬಿದನೂರು ಕಡೆಯ ಎಚ್. ನರಸಿಂಹಯ್ಯನವರು ಅಮೆರಿಕಕ್ಕೆ ಹೋಗಿ ಓದ್ಲಿಲ್ವಾ? ಅವರ ಮನೇಲೇನು ದುಡ್ಡು ಸುರೀತಿತ್ತಾ?"

ನಾನು ತಲೆಯಾಡಿಸಿದೆ. ಮಗ ನೆಲ ನೋಡುತ್ತ ಕೂತಿದ್ದ.

ನಷ್ಟ ಆದರೆ ಏನು ಮಾಡೋದು ಅಂತ ಯೋಚನೆ ಮಾಡಿದ್ದೀರಾ ಅಂತ ಕೇಳಿದೆ. ಅಪ್ಪನಿಗೆ ಆ ಪ್ರಶ್ನೆ ಇಷ್ಟವಾಯಿತು. ನೆಟ್ಟಗೆ ಕೂತರು. "ನಷ್ಟ ನಮಗೆ ಹೊಸದಾ ಮೇಡಂ? ಬಾಕ್ಸಿಗೆ ಐವತ್ತು ರೂಪಾಯಿನೂ ಸಿಗದ ದಿನ ನೋಡಿದ್ದೀನಿ. ಕೀಳೋ ಕೂಲಿ ಹುಟ್ಟಲಿಲ್ಲ, ಲಾರಿ ಬಾಡಿಗೆ ಹುಟ್ಟಲಿಲ್ಲ. ಹತ್ತು ಸಲ ಮಾಲು ರಸ್ತೆಗೆ ಸುರಿದು ಬಂದಿದ್ದೀನಿ. ಮನೆಗೆ ಬಂದು ಉಂಡು ಮಲಗಿದ್ದೀನಿ. ಮತ್ತೆ ಸಸಿ ತಂದು ನೆಟ್ಟಿದ್ದೀನಿ. ರೇಟು ಬೀಳುತ್ತೆ ಅಂತ ಬೆಳೆ ಇಡದೆ ಇರೋಕಾಗುತ್ತಾ?"

ಆಗ ಮಗ ತಲೆ ಎತ್ತಿದ. ನಿಧಾನವಾಗಿಯೇ ಕೇಳಿದ.

"ಅಪ್ಪಾ, ನನ್ನ ರೇಟು ಬಿದ್ರೆ ಎಲ್ಲಿ ಸುರೀತೀಯ?"

ಈ ಕೋಣೆಯಲ್ಲಿ ನಾನು ಬಹಳ ಮಾತು ಕೇಳಿದ್ದೇನೆ. ಆ ಮಾತು ಕೇಳಿದಾಗ ನನಗೂ ಏನು ಹೇಳಬೇಕು ಗೊತ್ತಾಗಲಿಲ್ಲ. ಅಪ್ಪನ ಮುಖ ಕೆಂಪಾಯಿತು. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದು ಹೊರಟೇ ಹೋದರು. ಫೈಲು ಮೇಜಿನ ಮೇಲೇ ಉಳಿಯಿತು.

"ತಪ್ಪು ಮಾತಾಡ್ಬಿಟ್ಟೆ" ಅಂದ ಹುಡುಗ. ತಪ್ಪಲ್ಲ, ಎರಡು ತಿಂಗಳಿಂದ ಹೊಟ್ಟೆಯಲ್ಲಿದ್ದದ್ದು ಇದೇ ಇರಬೇಕು ಅಂದೆ. ಅವನು ಬಿಡಿಸಿ ಹೇಳಿದ. ಅಲ್ಲಿ ಕೆಲಸ ಸಿಗದೆ ಇರಬಹುದು, ಅದಕ್ಕೆ ಭಯವಿಲ್ಲ. ಆದರೆ ಸಿಗದಿದ್ದರೆ ಸಿಗಲಿಲ್ಲ ಅಂತ ಹೇಳುವ ಹಾಗಿಲ್ಲ. ಓದು ಹಿಡಿಸದಿದ್ದರೆ ಹಿಡಿಸಲಿಲ್ಲ ಅನ್ನುವ ಹಾಗಿಲ್ಲ. "ಬೇಜಾರಾದ್ರೂ ಬೇಜಾರು ಅನ್ನೋ ಹಾಗಿಲ್ಲ ಮೇಡಂ. ಅತ್ತೆ ಮನೆ ನೆನಪಾಗುತ್ತೆ."

ಇಪ್ಪತ್ತು ನಿಮಿಷ ಕಳೆಯಿತು. ಅಪ್ಪ ವಾಪಸ್ ಬಂದರು. ಕೈಯಲ್ಲಿ ಮೂರು ಲೋಟ ಟೀ. ನನಗೊಂದು ಕೊಟ್ಟು, ಮಗನಿಗೊಂದು ಕೊಟ್ಟು ಕೂತರು.

"ನೀನೇನು ಟೊಮೆಟೊನೇನೋ? ನಾನು ನಿನ್ನನ್ನ ಹಂಗೆ ಅಂದ್ಕೊಂಡಿದ್ದೀನಾ?"

"ನೀನು ಅಂದ್ಕೊಂಡಿಲ್ಲ ಅಪ್ಪಾ."

"ಸರಿಹೋಗದಿದ್ರೆ ಬಾ ಅಂತೀನಿ. ಬರಬೇಡ ಅಂತೀನಾ?"

"ಇವತ್ತೇ ಮೊದಲ ಸಲ ಅಂದಿದ್ದು."

ಅದು ನಿಜ. ಎರಡು ವರ್ಷದಿಂದ ಆ ಮನೆಯಲ್ಲಿ ಬರೀ ಹೋಗುವ ಮಾತು. ಯಾವ ಏರ್‌ಪೋರ್ಟು, ಎಷ್ಟು ಕೆಜಿ ಲಗೇಜು, ಚಟ್ನಿಪುಡಿ ಒಯ್ಯಬಹುದಾ. ಬರುವ ಮಾತು ಬಂದೇ ಇರಲಿಲ್ಲ. ಅಪಶಕುನ ಅಂತಲೋ ಏನೋ. ನಮ್ಮಲ್ಲಿ ಹೊರಡುವವರಿಗೆ "ಹೋಗ್ತೀನಿ" ಅನ್ನಬಾರದು, "ಹೋಗಿ ಬರ್ತೀನಿ" ಅನ್ನಬೇಕು ಅಂತ ಹೇಳಿಕೊಡುತ್ತೇವೆ. ಪಕ್ಕದ ಬೀದಿಗೆ ಹೋಗುವವರಿಗೂ ಅದನ್ನೇ ಹೇಳುತ್ತೇವೆ. ಏಳು ಸಮುದ್ರ ದಾಟುವ ಮಗನ ವಿಷಯದಲ್ಲಿ ಮಾತ್ರ ‘ಬರ್ತೀನಿ’ ಬಿಟ್ಟುಬಿಟ್ಟಿದ್ದೇವೆ.

ನಾನು ಅಪ್ಪನನ್ನು ಕೇಳಿದೆ. "ಯಜಮಾನ್ರೇ, ನಾಲ್ಕೆಕರೆಗೂ ಟೊಮೆಟೊ ಹಾಕ್ತೀರಾ?"

"ಎಲ್ಲಾದ್ರೂ ಹಾಕ್ತಾರಾ ಮೇಡಂ! ಒಂದೂವರೆ ಎಕರೆ ಹಾಕ್ತೀನಿ. ಒಂದೆಕರೆ ರಾಗಿಗೆ ಬಿಡ್ಲೇಬೇಕು. ರೇಟು ಬೀಳ್ಲಿ ಬಿಡ್ಲಿ, ಮನೇಲಿ ಉಣ್ಣೋಕೆ ಇರ್ಬೇಕಲ್ಲ..."

ಮಾತು ಅಲ್ಲಿಗೇ ನಿಂತಿತು. ಫೈಲಿನ ಕಡೆ ನೋಡಿದರು.

ಆ ದಿನ ಮೂವರೂ ಸೇರಿ ಒಂದು ಹಾಳೆಯ ಮೇಲೆ ಲೆಕ್ಕ ಬರೆದೆವು. ಲೆಕ್ಕ ಹಾಕುವುದು ಆಪ್ತಸಲಹೆಗಾರರ ಕೆಲಸ ಅಲ್ಲ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಗೊತ್ತಿಲ್ಲದ ಸಾಲ ಗೊತ್ತಿರುವ ಸಾಲಕ್ಕಿಂತ ಜಾಸ್ತಿ ಹೆದರಿಸುತ್ತದೆ. 40 ಲಕ್ಷಕ್ಕೆ ವರ್ಷಕ್ಕೆ ಶೇ. 11 ಬಡ್ಡಿ ಅಂದರೆ, ಅವನು ಕ್ಲಾಸಿನಲ್ಲಿ ಕೂತಿರುವಾಗಲೇ ತಿಂಗಳಿಗೆ 36,000 ರೂಪಾಯಿಗೂ ಜಾಸ್ತಿ ಬಡ್ಡಿ ಬೆಳೆಯುತ್ತದೆ. ಓದಿನ ಎರಡು ವರ್ಷ, ಆಮೇಲೆ ಆರು ತಿಂಗಳು ಕಂತು ಕಟ್ಟದೆ ಬಿಟ್ಟರೆ ಸಾಲ 51 ಲಕ್ಷ ಆಗುತ್ತದೆ. ಅದನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 70,000. ಅಮೆರಿಕದಲ್ಲಿ ಕೆಲಸವಿದ್ದರೆ ಅದು ದೊಡ್ಡದಲ್ಲ. ಇಲ್ಲಿಗೆ ಬಂದು ಹೊಸಬನಾಗಿ ಕೆಲಸಕ್ಕೆ ಸೇರಿದರೆ ಬರುವ ಸಂಬಳವೆಲ್ಲ ಅದಕ್ಕೇ ಸರಿ.

ಅಲ್ಲಿನ ನಿಯಮಗಳೂ ಹಾಳೆಗೆ ಬಂದವು. ಓದು ಮುಗಿದ ಮೇಲೆ 12 ತಿಂಗಳು ಕೆಲಸ ಮಾಡಲು ಅನುಮತಿ. ಎಂಜಿನಿಯರಿಂಗ್, ವಿಜ್ಞಾನದವರಿಗೆ ಇನ್ನೂ 24 ತಿಂಗಳು ಸಿಗಬಹುದು. ಆದರೆ ಮೊದಲ 12 ತಿಂಗಳಲ್ಲಿ ಒಟ್ಟು 90 ದಿನಕ್ಕಿಂತ ಜಾಸ್ತಿ ಕೆಲಸವಿಲ್ಲದೆ ಇರುವಂತಿಲ್ಲ. ಆಮೇಲೆ ಅಲ್ಲೇ ಕೆಲಸದಲ್ಲಿ ಮುಂದುವರಿಯಲು ಬೇಕಾಗುವ ಎಚ್-1ಬಿ ವೀಸಾ ವರ್ಷಕ್ಕೆ 65,000, ಅಲ್ಲಿ ಮಾಸ್ಟರ್ಸ್ ಓದಿದವರಿಗೆ ಇನ್ನು 20,000. ಅರ್ಜಿ ಅದಕ್ಕಿಂತ ಎಷ್ಟೋ ಜಾಸ್ತಿ, ಹಾಗಾಗಿ ಲಾಟರಿ ಎತ್ತುತ್ತಾರೆ. ಹುಡುಗನಿಗೆ ಇದೆಲ್ಲ ಗೊತ್ತಿತ್ತು. ಅಪ್ಪನಿಗೆ ಲಾಟರಿಯ ವಿಷಯ ಯಾರೂ ಹೇಳಿರಲಿಲ್ಲ. ಬಹಳಷ್ಟು ಕನ್ಸಲ್ಟೆನ್ಸಿಗಳಿಗೆ ಹುಡುಗರು ಸೇರಿದ ಮೇಲೆ ಯೂನಿವರ್ಸಿಟಿಯಿಂದ ಕಮಿಷನ್ ಬರುತ್ತದೆ. ಸೇರುವವರೆಗಿನ ಕಥೆ ಅವರು ಚೆನ್ನಾಗಿ ಹೇಳುತ್ತಾರೆ. ಮುಂದಿನದ್ದನ್ನು ಮನೆಯವರೇ ಕೇಳಿ ತಿಳಿದುಕೊಳ್ಳಬೇಕು.

ಲೆಕ್ಕ ಮುಗಿದ ಮೇಲೆ ಅಪ್ಪ ಮತ್ತೆ ಕೇಳಿದರು. "ನೀವಾಗಿದ್ರೆ ಏನ್ ಮಾಡ್ತಿದ್ರಿ ಮೇಡಂ?"

ಆಗ ಹೇಳಿಬಿಟ್ಟೆ. ಈ ಆಗಸ್ಟ್‌ಗೆ, ಆ ಮನೆ ಅಡ ಇಟ್ಟು, ಹೋಗಬೇಡ. ಒಂದು ವರ್ಷ ಮುಂದಕ್ಕೆ ಹಾಕಿ ಅಂತ ಯೂನಿವರ್ಸಿಟಿಗೆ ಬರೆದು ಕೇಳು, ಬಹಳ ಕಡೆ ಒಪ್ಪುತ್ತಾರೆ. ಎನ್‌ಐಟಿ ಸೀಟು ತಗೋ. ಗೇಟ್ ಅಂಕದ ಮೇಲೆ ಎಂ.ಟೆಕ್. ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಬರುತ್ತದೆ. ಹೊಟ್ಟೆಬಟ್ಟೆಗೆ ಅಪ್ಪನನ್ನು ಕೇಳಬೇಕಾಗಿಲ್ಲ. ಈ ಸಲ ಸೇರದಿದ್ದರೂ ಗೇಟ್ ಅಂಕ ಮೂರು ವರ್ಷ ನಡೆಯುತ್ತದೆ. ಇನ್ನು ವಿದೇಶ ಅಂದರೆ ಅಮೆರಿಕ ಒಂದೇ ಅಲ್ಲ. ಜರ್ಮನಿಯ ಬಹಳಷ್ಟು ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಬೋಧನಾ ಶುಲ್ಕವೇ ಇಲ್ಲ. ಬಾಡೆನ್-ವುರ್ಟೆಂಬರ್ಗ್ ಅನ್ನುವ ರಾಜ್ಯದಲ್ಲಿ ಹೊರದೇಶದವರಿಗೆ ಸೆಮಿಸ್ಟರಿಗೆ 1,500 ಯೂರೋ ಇದೆ, ಮ್ಯೂನಿಕ್‌ನ ತಾಂತ್ರಿಕ ಯೂನಿವರ್ಸಿಟಿ 2024ರಿಂದ ಫೀಸು ತಗೊಳ್ಳುತ್ತಿದೆ, ಹೀಗೆ ಕೆಲವು ಕಡೆ ಬಿಟ್ಟರೆ. ವೀಸಾಕ್ಕೆ ಒಂದು ವರ್ಷದ ಖರ್ಚು 11,904 ಯೂರೋ ಒಂದು ಖಾತೆಯಲ್ಲಿಟ್ಟು ತೋರಿಸಬೇಕು. ಆ ದುಡ್ಡು ನಿನ್ನದೇ, ತಿಂಗಳಿಗೆ 992ರಂತೆ ನಿನಗೇ ವಾಪಸ್ ಬರುತ್ತದೆ. ರೂಪಾಯಿಗೆ ತಿರುಗಿಸಿದರೆ ಹನ್ನೆರಡು ಲಕ್ಷದ ಆಸುಪಾಸು.

"ಅದು ಟೊಮೆಟೊ ದುಡ್ಡು" ಅಂದರು ಅಪ್ಪ.

ಜರ್ಮನ್ ಭಾಷೆ ಕಲಿಯದೆ ಅಲ್ಲಿ ಕೆಲಸ ಕಷ್ಟ, ಭಾರತದವರು ವೀಸಾಕ್ಕೆ ಮೊದಲು ಎಪಿಎಸ್ ಅನ್ನುವ ದಾಖಲೆ ಪರಿಶೀಲನೆ ಮಾಡಿಸಬೇಕು, ಅದಕ್ಕೂ ಕಾಯಬೇಕು. ಎರಡನೇ ವರ್ಷದ ಖರ್ಚಿಗೂ ದಾರಿ ನೋಡಬೇಕು. ಅದನ್ನೂ ಹೇಳಿದೆ. ಜರ್ಮನಿಗೇ ಹೋಗು ಅಂತ ಹೇಳಲಿಲ್ಲ. ಅತ್ತೆಯ ಮನೆ ಮುಟ್ಟದೆ ಹೋಗುವ ದಾರಿಯೂ ಇದೆ, ಅದನ್ನು ನೋಡಲು ಒಂದು ವರ್ಷ ತಗೋ ಅಂದೆ.

ಎಚ್. ನರಸಿಂಹಯ್ಯನವರ ವಿಷಯಕ್ಕೂ ಆಗಲೇ ಬಂದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯಿಂದ ಬಂದವರು ಅಮೆರಿಕದ ಓಹಾಯೋ ಸ್ಟೇಟ್ ಯೂನಿವರ್ಸಿಟಿಯಲ್ಲಿ ಓದಿದ್ದು ನಿಜ. ಆದರೆ ಹೋಗುವಾಗಲೇ ಅವರು ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಮೇಷ್ಟರಾಗಿದ್ದರು. 1960ರಲ್ಲಿ ಪಿಎಚ್.ಡಿ. ಮುಗಿಸಿ ಬಂದು ಅದೇ ಕಾಲೇಜಿಗೆ ಪ್ರಿನ್ಸಿಪಾಲರಾದರು. ಅವರಿಗೆ ಬರಲು ಒಂದು ಜಾಗ ಇತ್ತು. ನಿಮ್ಮ ಮಗನಿಗೂ ಅಂಥದ್ದೊಂದು ಇರಲಿ ಅನ್ನುವುದಷ್ಟೇ ನನ್ನ ಮಾತು ಅಂದೆ.

ಈ ಕೆಲಸದಲ್ಲಿರುವ ಗೆಳತಿಯೊಬ್ಬಳಿಗೆ ಇದನ್ನು ಹೇಳಿದಾಗ ಅವಳು ಸಿಟ್ಟಾದಳು. "ದುಡ್ಡಿರೋರ ಮಕ್ಕಳು ಮಾತ್ರ ಹೋಗ್ಬೇಕಾ? ರೈತನ ಮಗನಿಗೆ ಬಂದ ಒಂದು ಅವಕಾಶ ನೀನು ತಪ್ಪಿಸಿದೆ" ಅಂದಳು. ಈ ಮಾತು ನನಗೆ ಚುಚ್ಚಿತು, ಯಾಕೆಂದರೆ ಅದರಲ್ಲಿ ಸತ್ಯವಿದೆ. ಆದರೂ ನನ್ನ ಉತ್ತರ ಇದೇ. ದುಡ್ಡಿರುವವರ ಮಕ್ಕಳಿಗೆ ಹೋಗುವುದಷ್ಟೇ ಸುಲಭವಲ್ಲ, ವಾಪಸ್ ಬರುವುದೂ ಸುಲಭ. ಆರು ತಿಂಗಳಿಗೆ ಹಿಡಿಸಲಿಲ್ಲ ಅಂತ ಬಂದರೆ ಅಪ್ಪನ ಆಫೀಸಿನಲ್ಲಿ ಕೂರುತ್ತಾರೆ, ಯಾರೂ ಏನೂ ಅನ್ನುವುದಿಲ್ಲ. ರೈತನ ಮಗನಿಗೆ ಹೋಗುವ ಹಕ್ಕು ಮಾತ್ರ ಕೊಟ್ಟು ಬರುವ ಹಕ್ಕು ಕಿತ್ತುಕೊಂಡರೆ ಅದು ಸಮಾನ ಅವಕಾಶ ಅಲ್ಲ. ಸಾಲವಿಲ್ಲದೆ ಕಳಿಸುವ ದಾರಿಗಳನ್ನು ಹುಡುಕೋಣ. ಪರಿಶಿಷ್ಟ ಜಾತಿಯ, ಭೂಮಿಯಿಲ್ಲದ ಕೃಷಿ ಕೂಲಿಗಳ ಮನೆಯ ಮಕ್ಕಳಿಗೆ ಕೇಂದ್ರ ಸರ್ಕಾರದ ಸಾಗರೋತ್ತರ ವಿದ್ಯಾರ್ಥಿವೇತನ ಇದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ರಾಜ್ಯದ ಪ್ರಬುದ್ಧ ಯೋಜನೆ ಇದೆ. ಈ ಹುಡುಗನಿಗೆ ಅವು ಸಿಗುತ್ತಿರಲಿಲ್ಲ. ಆದರೆ ಸಿಗಬೇಕಾದ ಎಷ್ಟೋ ಮಕ್ಕಳು ಹೆಸರೂ ಕೇಳದೆ ಬಡ್ಡಿಗೆ ಸಾಲ ಮಾಡಿ ನನ್ನ ಮುಂದೆ ಕೂತಿದ್ದಾರೆ. ಅದು ನನಗೆ ಬಹಳ ಸಂಕಟ.

ನನ್ನ ಈ ಗಟ್ಟಿ ಮಾತಿನ ಹಿಂದೆ ಇನ್ನೊಬ್ಬ ಹುಡುಗನಿದ್ದಾನೆ, ಅದನ್ನೂ ಹೇಳಬೇಕು. ಮುಳಬಾಗಿಲು ಕಡೆಯವನು. ಇಂಗ್ಲೆಂಡಿನಲ್ಲಿ ಒಂದು ವರ್ಷದ ಎಂ.ಎಸ್ಸಿ. ಮುಗಿಸಿದ. ಎರಡು ವರ್ಷ ಅಲ್ಲೇ ಇದ್ದು ಕೆಲಸ ಹುಡುಕಲು ಅನುಮತಿ ಇತ್ತು. ಅಷ್ಟರಲ್ಲಿ 2024ರ ಏಪ್ರಿಲ್‌ನಲ್ಲಿ ಅಲ್ಲಿನ ಕೆಲಸದ ವೀಸಾಕ್ಕೆ ಬೇಕಾದ ಸಂಬಳದ ಮಿತಿ ಏರಿಸಿದರು. ಅವನಿಗೆ ವೀಸಾ ಕೊಡಿಸುವ ಕಂಪನಿ ಸಿಗಲಿಲ್ಲ. ಭಾರತಕ್ಕೆ ಬಂದ. ಮನೆಗೆ ಬರಲಿಲ್ಲ. ಏಳು ತಿಂಗಳು ಬೆಂಗಳೂರಿನ ಒಂದು ಪಿಜಿಯಲ್ಲಿದ್ದ. ಇಂಗ್ಲೆಂಡಿನಲ್ಲೇ ಇದ್ದೇನೆ ಅಂತ ಅಮ್ಮನ ಜೊತೆ ವಿಡಿಯೋ ಕಾಲ್ ಮಾಡುತ್ತಿದ್ದ. ರಾತ್ರಿ ಹತ್ತರ ಮೇಲೆ ಮಾತ್ರ ಮಾಡುತ್ತಿದ್ದ. ಕಿಟಕಿ ಯಾಕೆ ಕತ್ತಲೆ ಅಂತ ಅಮ್ಮ ಕೇಳಿದರೆ, ಇಲ್ಲಿ ಚಳಿಗಾಲದಲ್ಲಿ ಸಂಜೆ ನಾಲ್ಕಕ್ಕೇ ಕತ್ತಲಾಗುತ್ತಮ್ಮ ಅನ್ನುತ್ತಿದ್ದ. ಅಮ್ಮ ಇದ್ದದ್ದು ಬಸ್ಸಿನಲ್ಲಿ ಎರಡು ಗಂಟೆ ದೂರದಲ್ಲಿ. ಆ ಅಮ್ಮ ನನ್ನ ಮುಂದೆ ಕೂತು ಒಂದೇ ಮಾತು ಹೇಳುತ್ತಿದ್ದರು. "ಬಂದಿದ್ರೆ ಮುದ್ದೆ ಹಾಕ್ತಿರ್ಲಿಲ್ವಾ ನಾನು?" ಹಾಕುತ್ತಿದ್ದರು. ಆದರೆ ಆ ಮಾತನ್ನು ಹೊರಡುವ ಮೊದಲೇ ಅವನಿಗೆ ಯಾರೂ ಹೇಳಿರಲಿಲ್ಲ.

ವಿದೇಶ ಬೇಡ ಅನ್ನುವವಳು ನಾನಲ್ಲ. ಅದೇ ವರ್ಷ ಶಿಡ್ಲಘಟ್ಟದ ಕಡೆಯ ಒಬ್ಬ ಹುಡುಗಿ ಬಂದಿದ್ದಳು. ರೇಷ್ಮೆ ನೂಲು ಬಿಚ್ಚುವ ಮನೆ. ಇಲ್ಲೂ ಸೀಟು, ಅಲ್ಲೂ ಸೀಟು, ಅಲ್ಲಿಯದಕ್ಕೆ ಫೀಸು ಮಾಫಿ ಮತ್ತು ಸಹಾಯಕಿಯ ಕೆಲಸದ ಸಂಬಳ. "ಇಲ್ಲಿ ಎಂ.ಎಸ್ಸಿ. ಸೇರಿದ್ರೆ ಎರಡು ವರ್ಷ ಓದಲ್ಲ ಮೇಡಂ, ಎರಡು ವರ್ಷ ಗಂಡು ನೋಡ್ತಾರೆ" ಅಂದಳು. ಅವಳ ವಿಷಯದಲ್ಲಿ ನಾನು ಎರಡು ಸಲ ಯೋಚಿಸಲಿಲ್ಲ. ಹೋಗು ಅಂದೆ. ಚೆನ್ನಾಗಿದ್ದಾಳೆ.

ಹಾಗಾಗಿ ಇದನ್ನು ಓದುವ ಅಪ್ಪ ಅಮ್ಮಂದಿರಿಗೆ ನಾನು ಕೇಳಿಕೊಳ್ಳುವುದು ಒಂದೇ. ಸಾಲದ ಪತ್ರಕ್ಕೆ ಸಹಿ ಹಾಕುವ ಮೊದಲು ಒಂದು ಸಂಜೆ ಮನೆಯವರೆಲ್ಲ ಕೂತುಕೊಳ್ಳಿ. ಮಗಳೋ ಮಗನೋ ಒಂದು ವರ್ಷಕ್ಕೇ ವಾಪಸ್ ಬಂದರೆ ಏನಾಗುತ್ತದೆ ಅಂತ ಬಾಯಿಬಿಟ್ಟು ಮಾತಾಡಿ. ಆಗ ಎಷ್ಟು ಸಾಲ ಉಳಿದಿರುತ್ತದೆ, ಯಾರು ಕಟ್ಟುತ್ತಾರೆ, ಹೇಗೆ ಕಟ್ಟುತ್ತಾರೆ, ಊರಲ್ಲಿ ಕೇಳಿದವರಿಗೆ ಏನು ಹೇಳುತ್ತೀರಿ. ಆ ಲೆಕ್ಕ ಹಾಕಿದ ಮೇಲೂ "ಪರವಾಗಿಲ್ಲ, ಬಾ" ಅನ್ನುವುದಕ್ಕೆ ಆಗುತ್ತದೆ ಅಂದರೆ ಧೈರ್ಯವಾಗಿ ಕಳಿಸಿ. ಆ ಮಾತು ಗಂಟಲಲ್ಲೇ ಸಿಕ್ಕಿಕೊಂಡರೆ ಇನ್ನೊಂದು ದಾರಿ ನೋಡಿ, ಇನ್ನೊಂದು ವರ್ಷ ಕಾಯಿರಿ. 22ಕ್ಕೆ ಹೋಗದವರು 24ಕ್ಕೆ ಹೋಗಬಹುದು. ಮಕ್ಕಳಿಗೂ ಹೇಳುತ್ತೇನೆ, ಹೊಟ್ಟೆನೋವು ಬರುವವರೆಗೆ ಕಾಯಬೇಡಿ. ಅಪ್ಪನಿಗೆ ಬೇಜಾರಾಗುತ್ತದೆ ಅಂತ ಸುಮ್ಮನಿರಬೇಡಿ. ಬೇಜಾರಾಗಲಿ. ಆ ಅಪ್ಪ ಎದ್ದು ಹೋದರು, ಆದರೆ ಟೀ ತಂದರು ಅಲ್ವಾ.

ಹುಡುಗ ಜುಲೈಯಲ್ಲಿ ಎಂ.ಟೆಕ್. ಸೇರಿದ. ಅಮೆರಿಕದ ಯೂನಿವರ್ಸಿಟಿ ಸೀಟನ್ನು 2026ರ ಆಗಸ್ಟ್‌ವರೆಗೆ ಕಾಯ್ದಿಡಲು ಒಪ್ಪಿತು. ಹೊಟ್ಟೆನೋವು ಹೋಯಿತು.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ದಸರಾ ಕಳೆದ ಮೇಲೆ ಒಂದು ಮಧ್ಯಾಹ್ನ ಒಬ್ಬ ಹೆಂಗಸು ಬಂದರು. ಅರವತ್ತರ ಆಸುಪಾಸು, ಅಚ್ಚುಕಟ್ಟಾದ ಕಾಟನ್ ಸೀರೆ. ಚೀಟಿ ಬರೆಸಿರಲಿಲ್ಲ, ಸುಮ್ನೆ ಬಾಗಿಲ ಹತ್ತಿರ ನಿಂತಿದ್ದರು. "ನಾನು ಆ ಹುಡುಗನ ಅತ್ತೆ" ಅಂದರು.

ಕೂತರು. ನೀರು ಬೇಡ ಅಂದರು.

"ಮನೆ ನಂದು. ಕೊಡ್ತೀನಿ ಅಂದವಳು ನಾನು. ನನ್ನ ಗಂಡ ಕಟ್ಟಿಸಿದ್ದು, ಕಾಗದವೆಲ್ಲ ನನ್ನ ಹೆಸರಲ್ಲಿದೆ. ಬೇಡ ಅಂತ ನೀವು ನನ್ನ ತಮ್ಮನಿಗೆ ಹೇಳಿದ್ರಿ, ಹುಡುಗನಿಗೆ ಹೇಳಿದ್ರಿ. ನನ್ನನ್ನ ಒಂದು ಮಾತು ಕೇಳಿದ್ರಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಷ್ಟು ಹೊತ್ತು ಆ ಮನೆಯ ಮಾತಾಡಿದ್ದೇವೆ. ಅದರ ಬೆಲೆ ಹಾಕಿದ್ದೇವೆ, ಅದು ಹೋದರೆ ಏನಾಗುತ್ತದೆ ಅಂತ ಹೇಳಿದ್ದೇವೆ. ಮನೆಯ ಒಡತಿಯನ್ನು ಒಂದು ಸಲವೂ ಕರೆದಿರಲಿಲ್ಲ. ಗಂಡನಿಲ್ಲದ, ಮಕ್ಕಳಿಲ್ಲದ ಹೆಂಗಸು, ತಮ್ಮನ ಮಾತಿಗೆ ಸಿಕ್ಕು ಸಹಿ ಹಾಕುತ್ತಿದ್ದಾರೆ ಅಂತ ನಾನೇ ಅಂದುಕೊಂಡಿದ್ದೆ. ಹಾಗಂತ ಯಾರೂ ಹೇಳಿರಲಿಲ್ಲ.

"ಅವನನ್ನ ಎತ್ತಿ ಆಡಿಸಿದವಳು ನಾನು" ಅಂದರು. "ಮನೆ ಹೋದ್ರೂ ಹೋಗ್ಲಿ ಅಂತಾನೇ ಕೊಟ್ಟಿದ್ದು. ಲೆಕ್ಕ ನಂಗೂ ಬರುತ್ತೆ. ಅಂಗಡಿ ಬಾಡಿಗೆ ಇಪ್ಪತ್ತು ವರ್ಷದಿಂದ ನಾನೇ ವಸೂಲಿ ಮಾಡ್ತಿದ್ದೀನಿ."

ಕ್ಷಮೆ ಕೇಳಿದೆ. ಅವರು ತಲೆಯಾಡಿಸಿದರು, ಕ್ಷಮಿಸಿದ ಹಾಗೇನೂ ಕಾಣಲಿಲ್ಲ. ಒಂದು ಪ್ರಶ್ನೆ ಕೇಳಲೇ ಅಂದೆ. ಮನೆ ಹೋದರೂ ಹೋಗಲಿ ಅನ್ನುವ ಮಾತನ್ನು ಹುಡುಗನಿಗೆ ಹೇಳಿದ್ದಿರಾ?

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅದನ್ನೆಲ್ಲ ಹೇಳ್ತಾರಾ? ಗೊತ್ತಾಗಬೇಕು" ಅಂದರು.

ಅವನಿಗೆ ಗೊತ್ತಿರಲಿಲ್ಲ ಅಂದೆ.

ಈಗ ಮತ್ತೆ ಮಾರ್ಚ್. ಕಾಯ್ದಿಟ್ಟ ಸೀಟಿನ ಬಗ್ಗೆ ಹುಡುಗ ಏಪ್ರಿಲ್ ಕೊನೆಯೊಳಗೆ ತಿಳಿಸಬೇಕು. ಮೊನ್ನೆ ಫೋನ್ ಮಾಡಿದ್ದ. ಎಂ.ಟೆಕ್. ಚೆನ್ನಾಗಿದೆ, ಆದರೂ ಒಂದೊಂದು ದಿನ ಹೋಗಿಬಿಡಬೇಕಿತ್ತು ಅನ್ನಿಸುತ್ತೆ ಅಂದ. ಅನ್ನಿಸುವುದು ಸಹಜ ಅಂದೆ, ಅದಕ್ಕಿಂತ ಜಾಸ್ತಿ ಏನೂ ಹೇಳಲಿಲ್ಲ. ಈ ಭಾನುವಾರ ಊರಿಗೆ ಬರುತ್ತಾನೆ, ಅಪ್ಪನ ಜೊತೆ ನನ್ನ ಹತ್ತಿರವೂ ಬರುತ್ತಾನಂತೆ. ಅತ್ತೆಗೆ ನಾನೇ ಫೋನ್ ಮಾಡಿ ಕರೆದೆ. ಬೆಳಿಗ್ಗೆ ಅಂಗಡಿ ಬಾಡಿಗೆ ವಸೂಲಿ ಇದೆ, ಹನ್ನೊಂದರ ಮೇಲೆ ಆದ್ರೆ ಬರ್ತೀನಿ ಅಂದಿದ್ದಾರೆ.